ಈ ಬದಿಯ ಎಲೆ ಮಾತ್ರ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ರಸ್ತೆಯಂಚಿಗೆ ರಾಶಿ ಹಾಕಿದ ಮೇಪಲ್ ಎಲೆಗಳನ್ನು ಊರಿನ ರಸ್ತೆ ಕೆಲಸದ ಜೋಲೀನ್ ಕ್ರೈಡರ್ ಆನೆಯ ಸೊಂಡಿಲಿನಂಥ ಕೊಳವೆಯಿಂದ ಲಾರಿಯೊಳಕ್ಕೆ ಎಳೆಸುತ್ತಿದ್ದಾರೆ. ಜೊತೆಗಾರ ಲಾರಿಯನ್ನು ಇಷ್ಟಿಷ್ಟೇ ಮುಂದಕ್ಕೆ ಬಿಡುತ್ತಿದ್ದಾನೆ. ಅಷ್ಟರಲ್ಲಿ ಆಚೆ ಬದಿಯ ಮನೆಯ ಗ್ಯಾರಿ ಪೆಲ್ಲಿಗ್ರಿನೊ ಮಲಗಿದ್ದ ಬಟ್ಟೆಯಲ್ಲೇ ರಸ್ತೆ ದಾಟಿ ಬರುತ್ತಾರೆ.

“ನಮ್ಮ ರಾಶೀನೂ ಹಂಗೇ ಎಳ್ಕೊಂಡ್ಬಿಡಮ್ಮ. ಕೊಳವೆ ಈ ಕಡೆ ತಿರುಗಿಸಿದ್ರೆ ಆಯ್ತು.”

“ನಿಮ್ಮ ಬದಿ ಆಲ್ಡರ್ಟನ್ ಪಟ್ಟಣ ಕಣ್ರೀ ಗ್ಯಾರಿ. ನೀವು ಚೀಲಕ್ಕೆ ತುಂಬಿ ಇಡಬೇಕು. ಹೋದ ವರ್ಷಾನೂ ಇದನ್ನೇ ಬಡ್ಕೊಂಡೆ.”

“ಎದುರು ಮನೆಯವರೂ ಆಲ್ಡರ್ಟನ್ನೇ ತಾನೇ? ಅವರಿಗೆ ಬರೋ ಕಾಗದದ ಮೇಲೆ ಹಾಗೇ ಇರುತ್ತೆ!”

ಜೋಲೀನ್ ಆಕಾಶ ನೋಡುತ್ತಾರೆ. ಇನ್ನೇನು ಮಾಡಿಯಾರು?

ಗಡಿ ಹಾದುಹೋಗುವುದು ಈ ರಸ್ತೆಯ ನಡುವೆಯೇ. ಎದುರು ಮನೆಯವರು ಇರುವುದು ಆಲ್ಡರ್ಟನ್ನಿನಲ್ಲಲ್ಲ, ಪೆನ್ಸಿಲ್ವೇನಿಯದ ಲೋವರ್ ಹೆಸ್ಪರ್ ಟೌನ್‌ಶಿಪ್ಪಿನಲ್ಲಿ. ಆದರೆ ತನ್ನದೇ ಆಡಳಿತ, ತನ್ನದೇ ಕೆಲಸದವರಿರುವ ಈ ಟೌನ್‌ಶಿಪ್ಪಿಗೆ ಸ್ವಂತ ಅಂಚೆ ಕಚೇರಿ ಮಾತ್ರ ಯಾವತ್ತೂ ಇರಲಿಲ್ಲ. ಟಪಾಲು ಪಕ್ಕದ ಆಲ್ಡರ್ಟನ್‌ನಿಂದ ಬರುತ್ತದೆ, ವಿಳಾಸದಲ್ಲಿ ಆ ಊರಿನ ಹೆಸರೇ ಇರುತ್ತದೆ. ಹೀಗಾಗಿ ಇಲ್ಲಿ ಮನೆ ಕೊಂಡು, ತೆರಿಗೆ ಕಟ್ಟಿ, ಮಕ್ಕಳನ್ನು ಬೆಳೆಸಿದ ಜನ ತಾವು ಆಲ್ಡರ್ಟನ್ನಿನವರೆಂದೇ ನಂಬಿಕೊಂಡು ಒಂದು ದಿನ ಕಣ್ಣುಮುಚ್ಚುತ್ತಾರೆ. ಹೆಸರಾದರೂ ನೆಟ್ಟಗಿದೆಯೇ ಎಂದರೆ ಅದೂ ಇಲ್ಲ. ಹೊಳೆ ಹರಿಯುವ ದಿಕ್ಕು ನೋಡಿ ‘ಕೆಳಗಿನ ಹೆಸ್ಪರ್’ ಎಂದು ಹೆಸರಿಟ್ಟರು, ಊರು ಮಾತ್ರ ಗುಡ್ಡದ ಮೇಲೆ ಕೂತಿದೆ.

ಎರಡನೇ ಮಹಾಯುದ್ಧ ಮುಗಿಯುವ ತನಕ ಇಲ್ಲಿ ಹಸು ಸಾಕುವವರದ್ದೇ ದರ್ಬಾರು. ಜೋಲೀನ್‌ರ ಅಜ್ಜನೂ ಅವರಲ್ಲೊಬ್ಬರು. ಯುದ್ಧದಿಂದ ಮರಳಿದ ಸಿಪಾಯಿಗಳಿಗೆ ಮನೆ ಬೇಕಾಯಿತು, ಹುಲ್ಲುಗಾವಲುಗಳು ಸೈಟುಗಳಾದವು. ಕಟ್ಟಿಸಿದ ಗುತ್ತಿಗೆದಾರ ಬೀದಿಗಳಿಗೆ ತನ್ನ ಹೆಣ್ಣುಮಕ್ಕಳ ಹೆಸರಿಟ್ಟ: ಡಾರ್ಲೀನ್, ಗೇಲ್, ಪೆಗ್ಗಿ. ಹೆಣ್ಣುಮಕ್ಕಳು ಮುಗಿದರೂ ಬೀದಿಗಳು ಮುಗಿಯಲಿಲ್ಲ. “ಡಚೆಸ್ ಅನ್ನೋದು ಅವನ ನಾಯಿ,” ಎಂದು ಜೋಲೀನ್ ನಗುತ್ತಾರೆ. “ಡಚೆಸ್ ಬೀದೀಲಿ ಮನೆ ತಗೊಂಡೋರಿಗೆ ಹೇಳೋಕೆ ಹೋಗ್ಬೇಡಿ, ಪಾಪ.”

ಅರವತ್ತು ದಾಟಿದ ಈ ಹೆಂಗಸು ಚಳಿಗಾಲದಲ್ಲಿ ಹಿಮ ತಳ್ಳುತ್ತಾರೆ, ವಸಂತದಲ್ಲಿ ರಸ್ತೆ ಗುಂಡಿ ಮುಚ್ಚುತ್ತಾರೆ, ಬೇಸಿಗೆಯಲ್ಲಿ ಹುಲ್ಲು ಕತ್ತರಿಸುತ್ತಾರೆ. ಇಷ್ಟೆಲ್ಲ ಮಾಡಿಸಿಕೊಂಡ ಜನ ಆಲ್ಡರ್ಟನ್ನಿನ ಮೇಯರಿಗೆ ಧನ್ಯವಾದದ ಪತ್ರ ಬರೆಯುತ್ತಾರೆ. ಆ ಮೇಯರಾದರೂ ‘ನಾವಲ್ಲ’ ಎನ್ನಬಾರದೆ? ಇಲ್ಲ, ಪತ್ರಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿಸಿದ್ದಾರೆ.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಬರುವ ಮಂಗಳವಾರ ಮತದಾನ. ಲೋವರ್ ಹೆಸ್ಪರ್ ಟೌನ್‌ಶಿಪ್ಪನ್ನು ಆಲ್ಡರ್ಟನ್ನಿಗೆ ಸೇರಿಸಬೇಕೇ ಎಂದು ಮತಪತ್ರದಲ್ಲಿ ಕೇಳಿದ್ದಾರೆ. ಹೌದು ಎಂದರೆ ಮುನ್ನೂರು ವರ್ಷದ ಊರು ಅಲ್ಲಿಗೆ ಮುಗಿಯಿತು. ಅಂಗಡಿಯಲ್ಲಿ, ಚರ್ಚಿನಲ್ಲಿ, ಕ್ಷೌರದವನ ಕುರ್ಚಿಯಲ್ಲಿ ಕೇಳಿಬರುವುದು ಒಂದೇ ಮಾತು: “ನಾವು ಆಗಲೇ ಆಲ್ಡರ್ಟನ್ನಲ್ಲೇ ಇದೀವಲ್ಲ. ಯಾವುದೋ ಹೆಸ್ಪರ್ ಅಂತೆ, ಪಾಪ, ಬಂದು ಸೇರ್ಕೊಳ್ಳಲಿ. ಹೌದು ಅಂದ್ರಾಯ್ತು.” ತಮ್ಮ ಊರನ್ನು ತಾವೇ ಅಳಿಸಿಹಾಕಲು ಹೊರಟಿರುವುದು ಈ ಮಹನೀಯರಿಗೆ ಗೊತ್ತೇ ಇಲ್ಲ. ಕೇಳಿದರೆ ಮೈ ಉರಿಯುತ್ತದೆ.

ತಿಂಡಿಯ ಹೊತ್ತಿಗೆ ಜೋಲೀನ್ ಮನೆಗೆ ಹೋಗುತ್ತಾರೆ. ಗಂಡ ವರ್ನ್ ಬಾಣಲೆಯಲ್ಲಿ ಸ್ಕ್ರ್ಯಾಪಲ್ ಎಂಬ ಹಂದಿಮಾಂಸದ ಬಿಲ್ಲೆಗಳನ್ನು ಹುರಿಯುತ್ತಾ, ಬೆನ್ನು ತಿರುಗಿಸಿಕೊಂಡೇ ಹೇಳುತ್ತಾರೆ. “ನನ್ನ ಓಟು ಅಂಚೆಗೆ ಹಾಕಾಯ್ತು.”

“ಏನಂತ?”

“ಹೌದು ಅಂತ.”

ಜೋಲೀನ್ ಕುರ್ಚಿ ಎಳೆದುಕೊಂಡು ಕೂರುತ್ತಾರೆ. “ನಾವಿರೋದು ಎಲ್ಲಿ ಅಂತ ನಿನಗೂ ಗೊತ್ತಿಲ್ವೇನೋ?”

“ಗೊತ್ತಿದ್ದೇ ಹಾಕಿದೆ. ಮೆಟ್ಟಿಲು ಹತ್ತುವಾಗ ನೀನು ನರಳೋದು ನಂಗೆ ಕೇಳಲ್ವಾ? ಆ ಊರಿಗೆ ಸೇರಿದ್ರೆ ನೀನು ಆ ಕೊಳವೆ ಹಿಡಿಯೋದು ತಪ್ಪುತ್ತೆ. ಊರಿನ ಹೆಸರಿಗೆ ಮಂಡಿ ನೋವು ಬರಲ್ಲ ಕಣೇ.”

ಜೋಲೀನ್‌ಗೆ ಸಿಟ್ಟು ಬರುತ್ತದೆ. ತಟ್ಟೆಯಲ್ಲಿದ್ದದ್ದನ್ನು ಅರ್ಧ ತಿಂದು ಏಳುತ್ತಾರೆ. ಬಾಗಿಲ ಬಳಿ ನಿಂತು, “ಇಡೀ ಟೌನ್‌ಶಿಪ್ಪಲ್ಲಿ ಗೊತ್ತಿದ್ದು ಹೌದು ಅಂದೋನು ನೀನೊಬ್ಬನೇ ಇರ್ಬೇಕು. ಊರಿಗೆ ಅಷ್ಟಾದ್ರೂ ಮರ್ಯಾದೆ ಕೊಟ್ಯಲ್ಲ,” ಎನ್ನುತ್ತಾರೆ. ವರ್ನ್ ಹೆಂಡತಿಯ ಕೈಗವಸನ್ನು ಒಲೆಯ ಪಕ್ಕದಿಂದ ಎತ್ತಿ ಕೊಡುತ್ತಾರೆ. ಅದು ಬೆಚ್ಚಗಿದೆ.

ಅಂದಿನಿಂದ ಜೋಲೀನ್ ಕೆಲಸ ಮುಗಿಸಿ ನೇರ ಮನೆಗೆ ಹೋಗುತ್ತಿಲ್ಲ, ಬೀದಿ ಬೀದಿಯ ಕದ ತಟ್ಟುತ್ತಿದ್ದಾರೆ. ತಮ್ಮ ಪರವಾಗಿ ಓಟು ಕೇಳಲು ಅಲ್ಲ. “ಸಂಬಳ ತಗೊಳ್ಳೋಳು ನಾನು. ಓಟು ಏನು ಹಾಕಿ ಅಂತ ಹೇಳಿದ್ರೆ ಸರಿ ಅಲ್ಲ. ನೀವಿರೋದು ಎಲ್ಲಿ ಅಂತ ಹೇಳಿದ್ರೆ ಯಾರೂ ಬೇಡ ಅನ್ನಲ್ಲ. ಊರನ್ನ ಅಳಿಸೋದಾದ್ರೆ ಅಳಿಸ್ಲಿ, ಆದ್ರೆ ಗೊತ್ತಿದ್ದು ಅಳಿಸ್ಲಿ. ನಂಗೆ ಬೇಕಾಗಿರೋದು ಅಷ್ಟೇ.”

ಪೆಗ್ಗಿ ಬೀದಿಯಲ್ಲಿ ಒಬ್ಬ ಹೆಂಗಸು ಬಾಗಿಲು ತೆರೆಯುತ್ತಾಳೆ. ಕಂಕುಳಲ್ಲಿ ಮಗು, ಮುಖದಲ್ಲಿ ‘ಏನು ಮಾರೋಕೆ ಬಂದ್ರಿ’ ಎಂಬ ಅನುಮಾನ. ಜೋಲೀನ್ ವಿಷಯ ಹೇಳಿ ಮುಗಿಸುವಷ್ಟರಲ್ಲಿ ಆ ಅನುಮಾನ ಗಲಿಬಿಲಿಗೆ ತಿರುಗುತ್ತದೆ.

“ಅಂದ್ರೆ ಇದು ಆಲ್ಡರ್ಟನ್ ಅಲ್ವಾ?”

“ಅಲ್ಲ.”

“ಮತ್ತೆ ಇಷ್ಟು ವರ್ಷ ನಾನು ಎಲ್ಲಿದ್ದೆ?”

“ಇಲ್ಲೇ ಇದ್ರಿ,” ಎನ್ನುತ್ತಾರೆ ಜೋಲೀನ್. “ಮತ್ತೆ, ನಿಮ್ಮನೆ ಎಲೆ ಎತ್ತುತ್ತಾ ಇದ್ದಿದ್ದು ಯಾರು ಅಂದ್ಕೊಂಡಿದ್ರಿ?”