ಫೆಬ್ರವರಿಯ ವಿಧವೆ, ಅಕ್ಟೋಬರ್‌ನ ಸಾಕ್ಷಿ

ಎರಡು ಸಾವಿರದ ಇಪ್ಪತ್ಮೂರರಲ್ಲಿ ನಾನು ನೆದರ್ಲೆಂಡ್ಸ್‌ನ ಆಮರ್ಸ್‌ಫೋರ್ಟ್‌ನಲ್ಲಿ, ವಂಶಾವಳಿಗಳನ್ನು ಸಿದ್ಧಪಡಿಸುವ ಒಂದು ಸಣ್ಣ ಕಂಪನಿಯಲ್ಲಿ ಡೇಟಾ ಕ್ವಾಲಿಟಿ ವಿಭಾಗದ ಮುಖ್ಯಸ್ಥೆಯಾಗಿದ್ದೆ. ವಿಭಾಗ ಎಂದರೆ ನಾನು ಮತ್ತು ಮೈಸೂರಿನ ರಘು, ಇಬ್ಬರೇ. ಸಾಫ್ಟ್‌ವೇರ್ ಬರೆಯುವುದು ರಘುವಿನ ಕೆಲಸ. ಅದರೊಳಗೆ ಹೋಗುವ ಪ್ರತಿಯೊಂದು ಹೆಸರನ್ನೂ ತಾರೀಖನ್ನೂ ನಂಬಬಹುದೇ ಎಂದು ನೋಡುವುದು ನನ್ನದು. ನೇರವಾಗಿ ಹೇಳಬೇಕೆಂದರೆ ಅನುಮಾನ ಪಡುವುದಕ್ಕೆ ನನಗೆ ಸಂಬಳ ಕೊಡುತ್ತಿದ್ದರು, ಮತ್ತು ಆ ಕೆಲಸಕ್ಕೆ ನನಗೆ ಯಾವ ತರಬೇತಿಯೂ ಬೇಕಿರಲಿಲ್ಲ ಎಂದು ನನ್ನ ಗಂಡ ಇಂದಿಗೂ ಹೇಳುತ್ತಾನೆ. ಧಾರವಾಡದ ಅವ್ವನಿಗೆ ಈ ಕೆಲಸವನ್ನು ವಿವರಿಸಿದಾಗ, ಎತ್ತಿನ ಮೇಲೆ ಊರೂರು ತಿರುಗಿ ಮನೆತನಗಳ ಹೆಸರು ಹೇಳುವ ಹೆಳವರ ಕೆಲಸ ಅನ್ನು ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದಳು.

ಆ ವರ್ಷದ ಜನವರಿಯಲ್ಲಿ ನಮ್ಮ ಕೈಗೆ ಬಂದದ್ದು ಒಂದು ಸ್ಕಾಟಿಷ್ ಕುಲೀನ ಮನೆತನದ ಕೇಸು. ನಿಜವಾದ ಹೆಸರು ಬೇಡ, ಗ್ಲೆನ್‌ಹಾರ್ವಿ ಎಂದಿಟ್ಟುಕೊಳ್ಳೋಣ. ಹಿಂದೆ ಸ್ಕಾಟ್ಲೆಂಡಿನ ಸೈನಿಕರು ಡಚ್ಚರ ಪರವಾಗಿ ಯುದ್ಧ ಮಾಡಲು ಇಲ್ಲಿಗೆ ಬರುತ್ತಿದ್ದರು. ಕೆಲವರು ಇಲ್ಲೇ ಮದುವೆಯಾಗಿ ಇಲ್ಲಿನವರೇ ಆದರು. ಹಾಗೆ ಉಳಿದ ಒಬ್ಬ ಅಧಿಕಾರಿಯ ವಂಶದವರು ಡೆಲ್ಫ್ಟ್‌ನ ಒಬ್ಬ ನಿವೃತ್ತ ಎಂಜಿನಿಯರ್. ಅವರೇ ನಮ್ಮ ಕ್ಲೈಂಟ್. ತಮ್ಮ ಬೇರು ಮಧ್ಯಯುಗದ ಗ್ಲೆನ್‌ಹಾರ್ವಿ ಪ್ರಭುಗಳವರೆಗೆ ಹೋಗುತ್ತದೆಯೇ ಎಂಬುದನ್ನು ಅವರು ತಿಳಿಯಬೇಕಿತ್ತು. ಅಧಿಕಾರಿಯಿಂದ ಹಿಂದಕ್ಕೆ ಕೆಲವು ತಲೆಮಾರು ಸಲೀಸಾಗಿ ಸಿಕ್ಕವು. ಅದಕ್ಕೂ ಹಿಂದಿನ ಕೊಂಡಿ ಮಾತ್ರ, ಅವರ ಮನೆಯ ತಗಡಿನ ಪೆಟ್ಟಿಗೆಯಲ್ಲಿದ್ದ ಎರಡು ಚರ್ಮದ ಹಾಳೆಗಳ ಮೇಲೆ ನಿಂತಿತ್ತು.

ಇಂಥ ಹಾಳೆಗಳನ್ನು ಚಾರ್ಟರ್ ಎನ್ನುತ್ತಾರೆ. ನಮ್ಮ ದಾನಶಾಸನಗಳ ಹಾಗೆಯೇ, ಯಾರು ಯಾರಿಗೆ ಯಾವ ಭೂಮಿ ಕೊಟ್ಟರು, ಸಾಕ್ಷಿಗೆ ಯಾರಿದ್ದರು ಎಂದು ಲ್ಯಾಟಿನ್‌ನಲ್ಲಿ ಬರೆದಿರುತ್ತದೆ. ಹಳೆಯ ಅಕ್ಷರದ ಲ್ಯಾಟಿನ್ ಓದಬಲ್ಲವರು ನಮ್ಮಲ್ಲಿ ಇರಲಿಲ್ಲ. ಅದಕ್ಕಾಗಿ ಎನ್ಸ್‌ಕೆಡೆಯಲ್ಲಿದ್ದ ವೌಟರ್ ಎಂಬವರನ್ನು ಗೊತ್ತು ಮಾಡಿಕೊಂಡಿದ್ದೆವು. ಎಪ್ಪತ್ತು ದಾಟಿದ ಮನುಷ್ಯ, ಒಂಟಿ. ಎರಡು ಮೂರು ದಾಖಲೆ ಸಂಗ್ರಹಗಳವರು ಕಳಿಸುವ ಹಳೆಯ ಹಾಳೆಗಳನ್ನು ಓದಿಕೊಡುವುದೇ ಅವರ ಬದುಕು. ಈ ದೇಶದಲ್ಲಿ ಹಿರಿಯರನ್ನೂ ಹೆಸರು ಹಿಡಿದೇ ಕರೆಯಬೇಕು. ನಾನು ಎದುರಿಗೆ ವೌಟರ್ ಎಂದರೂ ಮನಸ್ಸಿನಲ್ಲಿ 'ಅವರು' ಸೇರಿಸಿಕೊಳ್ಳುತ್ತಿದ್ದೆ.

ಅವರು ಡೆಲ್ಫ್ಟ್‌ಗೆ ಹೋಗಿ, ಕ್ಲೈಂಟ್ ಮನೆಯಲ್ಲೇ ಕೂತು ಮೂರು ದಿನ ಓದಿದರು. ಓದಿದ್ದನ್ನು ಈಮೇಲ್ ಮಾಡಲಿಲ್ಲ, ಕೈಯಲ್ಲಿ ಬರೆದು ಅಂಚೆಯಲ್ಲಿ ಕಳಿಸಿದರು. ಅದರ ಕೋಷ್ಟಕವನ್ನು ನಾನೇ ಸಿಸ್ಟಂಗೆ ಏರಿಸಿದೆ. ಏರಿಸಿದ ತಕ್ಷಣ ಪರದೆಯ ಮೇಲೆ ಕೆಂಪು ಗುರುತು ಬಂತು.

ವಿಷಯ ಇಷ್ಟೇ. ಒಂದು ಚಾರ್ಟರ್ ಫೆಬ್ರವರಿ ತಿಂಗಳದ್ದು. ಅದರಲ್ಲಿ ಗ್ಲೆನ್‌ಹಾರ್ವಿಯ ಒಡತಿ, ವಿಧವೆಯಾದ ತಾನು ತನ್ನ ಕಿರಿಯ ಮಗನಿಗೆ ಭೂಮಿ ಕೊಡುತ್ತಿದ್ದೇನೆ ಎನ್ನುತ್ತಾಳೆ. ಇನ್ನೊಂದು ಅದೇ ವರ್ಷದ ಅಕ್ಟೋಬರ್‌ನದು. ಅದರ ಸಾಕ್ಷಿಗಳ ಪಟ್ಟಿಯಲ್ಲಿ ಮೊದಲ ಹೆಸರು ಅವಳ ಗಂಡನದು, ಪಕ್ಕದಲ್ಲಿ ಅದೇ ಕಿರಿಯ ಮಗನದು. ಅಂದರೆ ಫೆಬ್ರವರಿಯಲ್ಲಿ ಹೆಂಡತಿ ವಿಧವೆ, ಅಕ್ಟೋಬರ್‌ನಲ್ಲಿ ಗಂಡ ಎದ್ದು ಬಂದು ಸಾಕ್ಷಿ ನಿಂತಿದ್ದಾನೆ. ಆ ಕಿರಿಯ ಮಗನೇ ನಮ್ಮ ಕ್ಲೈಂಟ್‌ನ ಮೂಲಪುರುಷ. ಎರಡರಲ್ಲಿ ಒಂದು ಹಾಳೆ ಸುಳ್ಳಾದರೂ ಇಡೀ ವಂಶವೃಕ್ಷ ಬುಡಮೇಲು.

ನನ್ನ ತಲೆಯೊಳಗೆ ಹುಳ ಹೊಕ್ಕಿತು. ಕ್ಲೈಂಟ್‌ಗೆ ಬೇಕಾದ ಉತ್ತರ ಬರಲೆಂದು ವೌಟರ್ ಹೆಸರುಗಳನ್ನು ಹೊಂದಿಸಿ ಓದಿದ್ದಾರೆ ಎಂದುಕೊಂಡೆ. ಒಮ್ಮೆ ಹಾಗೆ ಅನ್ನಿಸಿದ ಮೇಲೆ ಎಲ್ಲವೂ ಅದಕ್ಕೇ ಹೊಂದಿಕೊಂಡವು. ಮೂರು ದಿನವೂ ಮಧ್ಯಾಹ್ನದ ಊಟ ಕ್ಲೈಂಟ್ ಮನೆಯಲ್ಲೇ ಏಕೆ? ಈಮೇಲ್ ಇರುವಾಗ ಅಂಚೆ ಏಕೆ? ವಾರದ ನಂತರ ಅವರು ಒಬ್ಬ ಸಾಕ್ಷಿಯ ಹೆಸರನ್ನು ತಿದ್ದಿ ಕಾರ್ಡು ಬರೆದಿದ್ದರು. ಅದನ್ನು ಶ್ರದ್ಧೆ ಎನ್ನಬೇಕಾದ ನಾನು, ಇವರು ಸಾಕ್ಷ್ಯ ತಿದ್ದುತ್ತಿದ್ದಾರೆ ಎಂದು ಫೈಲಿನಲ್ಲಿ ಬರೆದುಕೊಂಡೆ. ಫೋನಿನಲ್ಲಿ ಕ್ಲೈಂಟ್ ಅವರನ್ನು ಬಾಯ್ತುಂಬ ಹೊಗಳಿದ್ದು ಕೂಡ ನನಗೆ ಒಳಸಂಚಿನ ಹಾಗೆ ಕೇಳಿಸಿತು.

ನಮ್ಮ ಮಾಲೀಕ ಮಾರ್ಟೈನ್ ಅಪ್ಪಟ ಡಚ್ಚ. ಮನಸ್ಸಿನಲ್ಲಿದ್ದದ್ದು ಆ ಕ್ಷಣವೇ ಬಾಯಿಗೆ ಬರುತ್ತದೆ, ಮೀಟಿಂಗಿನಲ್ಲಿ ಎಷ್ಟೋ ಸಲ ನನ್ನ ಮುಖ ಕೆಂಪಾಗಿದೆ. ನಾನು ವಿಷಯ ಹೇಳಿದ ಕೂಡಲೇ ಅವನು ಫೋನು ಎತ್ತಿಕೊಂಡು, ಈಗಲೇ ವೌಟರ್‌ನನ್ನು ಕೇಳಿಬಿಡುತ್ತೇನೆ ಅಂದ.

ನಾನು ತಡೆದೆ. "ಬೇಡ. ಯಾವುದರ ಮೇಲೆ ಅನುಮಾನ ಅಂತ ಗೊತ್ತಾದರೆ ಅದನ್ನೇ ಸರಿಮಾಡಿ ಕಳಿಸ್ತಾರೆ."

ಎಲ್ಲ ಫೋಟೋಗಳನ್ನೂ ಕಳಿಸಿ ಎಂದು ವೌಟರ್‌ಗೆ ಎರಡು ಸಾಲಿನ ಪತ್ರ ಬರೆದೆವು, ಕಾರಣ ತಿಳಿಸಲಿಲ್ಲ. ಅವರು ಫೋಟೋಗಳನ್ನು ಕಳಿಸಿದರು, ಅವರೂ ಕಾರಣ ಕೇಳಲಿಲ್ಲ. ಕೇಳದೆ ಇದ್ದದ್ದೂ ನನಗೆ ಅನುಮಾನಕ್ಕೆ ಕಾರಣವಾಯಿತು. ಅವನ್ನು ಮತ್ತೊಮ್ಮೆ ಓದಿಸೋಣವೆಂದು ಕೇಳಿದರೆ, ಸ್ಕಾಟ್ಲೆಂಡಿನ ಇನ್ನೊಬ್ಬ ಲಿಪಿತಜ್ಞರು ಎರಡು ತಿಂಗಳು ಬಿಡುವಿಲ್ಲ ಎಂದರು. ಅಲ್ಲಿಯವರೆಗೆ ವೌಟರ್‌ಗೆ ಕೆಲಸ ಕೊಡಬಾರದೆಂದು ಟಿಪ್ಪಣಿ ಬರೆದವಳು ನಾನೇ. ಅವರ ಓದಿನ ಬಗ್ಗೆ ಪ್ರಶ್ನೆ ಎದ್ದಿದೆ ಎಂದು ನಾಲ್ಕು ಕಡೆ ತಿಳಿಸಿದವಳೂ ನಾನೇ: ಕ್ಲೈಂಟ್‌ಗೆ, ವೌಟರ್‌ಗೆ ಕೆಲಸ ಕೊಡುತ್ತಿದ್ದ ಎರಡು ದಾಖಲೆ ಸಂಗ್ರಹಗಳಿಗೆ, ಹಳೆಯ ದಾಖಲೆಗಳನ್ನು ಅಚ್ಚು ಹಾಕಿಸುವ ಒಬ್ಬ ಸಂಪಾದಕರಿಗೆ. ನಿಯಮದ ಪ್ರಕಾರ ಅದು ಸರಿಯಾಗಿಯೇ ಇತ್ತು. ಮಾರ್ಟೈನ್ ಎಚ್ಚರಿಕೆಯ ಕೆಲಸ ಎಂದು ಬೆನ್ನು ತಟ್ಟಿದ, ನಾನೂ ಹಿಗ್ಗಿದೆ.

ಮಾರ್ಚ್‌ನಲ್ಲಿ ಅವ್ವ ಮೂರು ತಿಂಗಳ ವೀಸಾದ ಮೇಲೆ ಬಂದಳು. ಯುಗಾದಿಯ ಹಿಂದಿನ ಭಾನುವಾರ, ಊರಿನಿಂದ ತಂದ ಒಣ ಬೇವಿನ ಹೂವನ್ನು ಅಡುಗೆಮನೆಯ ಕಟ್ಟೆಯ ಮೇಲೆ ಹರವಿಕೊಂಡು ಕಡ್ಡಿ ಆರಿಸುತ್ತಾ ಕೂತಿದ್ದಳು. ಅವಳಿಗೆ ಹೊತ್ತು ಹೋಗಲೆಂದು ಲ್ಯಾಪ್‌ಟಾಪ್ ತಂದು, ನಮ್ಮ ಸಾಫ್ಟ್‌ವೇರ್‌ನಲ್ಲಿ ಅವಳ ತವರಿನ ವಂಶವೃಕ್ಷ ಕಟ್ಟತೊಡಗಿದೆ. ಅವ್ವ ಇಸವಿ ಹೇಳುವವಳಲ್ಲ, ಅವಳದೆಲ್ಲ ಸಂವತ್ಸರ. ಅವಳ ಲಗ್ನ ರಾಕ್ಷಸ ಸಂವತ್ಸರದ ಕಾರ್ತಿಕದಲ್ಲಿ, ತುಳಸಿ ಲಗ್ನ ಮುಗಿದ ಮೇಲೆ. ಅವಳಪ್ಪ, ಅಂದರೆ ನನ್ನಜ್ಜ, ತೀರಿಕೊಂಡದ್ದು ಅದೇ ರಾಕ್ಷಸ ಸಂವತ್ಸರದ ಮಾಘದಲ್ಲಿ. ನಾನು ನೆಟ್ಟಿನಲ್ಲಿ ನೋಡಿದೆ. ರಾಕ್ಷಸ ಎಂದರೆ ಸಾವಿರದ ಒಂಬೈನೂರ ಎಪ್ಪತ್ತೈದು ಎಂದಿತ್ತು. ಕಾರ್ತಿಕಕ್ಕೆ ನವೆಂಬರ್, ಮಾಘಕ್ಕೆ ಫೆಬ್ರವರಿ, ಎರಡಕ್ಕೂ ಎಪ್ಪತ್ತೈದು ಎಂದು ತುಂಬಿದೆ. ಪರದೆಯ ಮೇಲೆ ಕೆಂಪು ಗುರುತು ಬಂತು. ವಧುವಿನ ತಂದೆ ಮದುವೆಗೆ ಮೊದಲೇ ಮೃತ.

ಏನದು ಎಂದು ಅವ್ವ ಕೇಳಿದಳು. ನಾನು ಓದಿ ಹೇಳಿದೆ. ಅವಳು ಕೈಯಲ್ಲಿದ್ದ ಬೇವಿನ ಕಡ್ಡಿಯನ್ನು ಕೆಳಗಿಟ್ಟಳು.

"ಏನವಾ ಇದು, ನಮ್ಮಪ್ಪನ್ನ ನನ್ನ ಲಗ್ನಕ್ಕಿಂತ ಮೊದಲ ಸಾಯಿಸೀದಿಯಲ್ಲ. ಸತ್ತಾಂವ ಬಂದು ಧಾರಿ ಎರದಾನೇನು?"

ನಾನು ನಕ್ಕೆ. ಫೆಬ್ರವರಿ ಮೊದಲು ಬರುತ್ತದೆ, ನವೆಂಬರ್ ಆಮೇಲೆ ಎಂದು ಅವಳಿಗೇ ಪಾಠ ಹೇಳಹೊರಟೆ.

"ನಿಮ್ಮ ಜನವರಿ ಲೆಕ್ಕ ನನಗ ಯಾಕ?" ಎಂದಳು ಅವ್ವ. "ಸಂವತ್ಸರ ಯುಗಾದಿಗೆ ಸುರು ಆಗತದ, ಮುಂದಿನ ಯುಗಾದಿಗೆ ಮುಗೀತದ. ಕಾರ್ತಿಕ ಮೊದಲ, ಮಾಘ ಆಮ್ಯಾಲೆ. ಬುಧವಾರ ಹಬ್ಬ ಮಾಡಾಕಿ ನೀನು, ಇಷ್ಟೂ ತಿಳಿಯಂಗಿಲ್ಲೇನು?"

ನಗು ಅಲ್ಲಿಗೇ ನಿಂತಿತು. ಕಾರ್ತಿಕದಲ್ಲಿ ಬದುಕಿದ್ದ ಅಜ್ಜ ಅದೇ ವರ್ಷದ ಮಾಘದಲ್ಲಿ ಇರಲಿಲ್ಲ. ಅಕ್ಟೋಬರ್‌ನಲ್ಲಿ ಬದುಕಿದ್ದ ಗ್ಲೆನ್‌ಹಾರ್ವಿಯ ಒಡೆಯ ಅದೇ ವರ್ಷದ ಫೆಬ್ರವರಿಯಲ್ಲಿ ಇರಲಿಲ್ಲ. ಲ್ಯಾಪ್‌ಟಾಪ್ ಎಳೆದುಕೊಂಡು ಹುಡುಕಿದೆ. ಸ್ಕಾಟ್ಲೆಂಡಿನಲ್ಲಿ ಸಾವಿರದ ಆರುನೂರನೆಯ ಇಸವಿಯವರೆಗೆ ಹೊಸ ವರ್ಷ ಆರಂಭವಾಗುತ್ತಿದ್ದದ್ದು ಮಾರ್ಚ್ ಇಪ್ಪತ್ತೈದಕ್ಕೆ. ಅವರ ಫೆಬ್ರವರಿ ವರ್ಷದ ಕೊನೆಯ ತಿಂಗಳುಗಳಲ್ಲಿ ಒಂದು, ನಮ್ಮ ಮಾಘದ ಹಾಗೆಯೇ. ಗಂಡ ಅಕ್ಟೋಬರ್‌ನಲ್ಲಿ ಸಾಕ್ಷಿ ಹಾಕಿದ್ದ, ಚಳಿಗಾಲದಲ್ಲಿ ತೀರಿಕೊಂಡಿದ್ದ, ಫೆಬ್ರವರಿಯಲ್ಲಿ ಹೆಂಡತಿ ಮಗನಿಗೆ ಭೂಮಿ ಬರೆದಿದ್ದಳು. ಎರಡೂ ಹಾಳೆಗಳು ಸರಿಯಾಗಿದ್ದವು. ವೌಟರ್ ಓದಿದ್ದೂ ಸರಿಯಾಗಿತ್ತು. ವರ್ಷವರ್ಷವೂ ವಸಂತದಲ್ಲಿ ಬೇವು ಬೆಲ್ಲ ತಿಂದು ಹೊಸ ವರ್ಷ ಎನ್ನುವ ನನಗೆ ಮಾತ್ರ ಅದು ಹೊಳೆಯಲಿಲ್ಲ.

ಮರುದಿನ ಕಚೇರಿಯಲ್ಲಿ ರಘುವನ್ನು ಕೇಳಿದೆ. ಹಾಲೆಂಡಿನ ಹಳೆಯ ದಾಖಲೆಗಳಲ್ಲಿ ಈಸ್ಟರ್‌ನಿಂದ ವರ್ಷ ಎಣಿಸುವುದಕ್ಕೆ ನಾವೇ ನಿಯಮ ಬರೆದಿದ್ದೆವಲ್ಲ, ಸ್ಕಾಟ್ಲೆಂಡಿಗೆ ಏಕಿಲ್ಲ? ಅವನು ಸಂಕೋಚದಿಂದಲೇ ಹೇಳಿದ.

"ಅದು ನೀವೇ ಹೇಳಿದ್ದಲ್ವಾ ಮೇಡಂ, ಸದ್ಯಕ್ಕೆ ಜನವರಿ ಡೀಫಾಲ್ಟ್ ಇಟ್ಬಿಡು, ಆಮೇಲೆ ನೋಡೋಣ ಅಂತ. ಆ ಕೆಲಸದ ಟಿಕೆಟ್ ಇನ್ನೂ ಓಪನ್ ಇದೆ, ಯಾರೂ ಮುಟ್ಟಿಲ್ಲ."

ಹೌದು, ನಾನೇ ಹೇಳಿದ್ದೆ. ಮಾರ್ಟೈನ್‌ಗೆ ಎಲ್ಲವನ್ನೂ ಒಪ್ಪಿಸಿ, ಆ ಮಧ್ಯಾಹ್ನವೇ ಎನ್ಸ್‌ಕೆಡೆಯ ರೈಲು ಹತ್ತಿದೆ. ಫೋನಿನಲ್ಲಿ ಹೇಳಿ ಮುಗಿಸುವ ಮಾತು ಇದಲ್ಲ ಎನ್ನಿಸಿತು. ದಾರಿಯುದ್ದಕ್ಕೂ ಇಂಗ್ಲಿಷ್‌ನಲ್ಲಿ ವಾಕ್ಯಗಳನ್ನು ಜೋಡಿಸಿಕೊಂಡೆ, ಬಾಗಿಲು ತೆರೆದಾಗ ಒಂದೂ ನೆನಪಿಗೆ ಬರಲಿಲ್ಲ.

ವೌಟರ್ ಒಳಗೆ ಕರೆದು ಕಾಫಿ ಕೊಟ್ಟರು, ಜೊತೆಗೆ ಇಲ್ಲಿನ ವಾಡಿಕೆಯಂತೆ ಒಂದೇ ಒಂದು ಬಿಸ್ಕತ್ತು. ಮೇಜು ಖಾಲಿಯಾಗಿತ್ತು. ಓದುವ ದೀಪಕ್ಕೆ ಬಟ್ಟೆ ಹೊದಿಸಿದ್ದರು. ಏಳು ವಾರಗಳಿಂದ ಅವರಿಗೆ ಯಾರೂ ಒಂದು ಹಾಳೆಯನ್ನೂ ಕಳಿಸಿರಲಿಲ್ಲ. ನಾನು ಮೊದಲಿನಿಂದ ಕೊನೆಯವರೆಗೆ ಹೇಳಿದೆ, ಅವ್ವನ ಲಗ್ನವನ್ನೂ ಬಿಡಲಿಲ್ಲ.

"ನನ್ನ ಮೊದಲ ಹಾಳೆ ನಿಮಗೆ ತಲುಪಲಿಲ್ಲವೇ?" ಎಂದು ಕೇಳಿದರು ಆಮೇಲೆ. "ವರ್ಷ ಮಾರ್ಚ್ ಇಪ್ಪತ್ತೈದಕ್ಕೆ ಆರಂಭ ಎಂದು ಅದರ ಮೊದಲ ಸಾಲಿನಲ್ಲೇ ಬರೆದಿದ್ದೆ."

ತಲುಪಿತ್ತು. ಕೋಷ್ಟಕದ ಮೇಲೆ ಪಿನ್ ಮಾಡಿದ್ದ, ಡಚ್ ಭಾಷೆಯ ಒತ್ತೊತ್ತು ಕೈಬರಹದ ಒಂದು ಹಾಳೆ. ನಮ್ಮ ಸಿಸ್ಟಂನಲ್ಲಿ ಅದಕ್ಕೆ ಜಾಗವಿರಲಿಲ್ಲ. ಡಚ್ ಕೈಬರಹ ಓದುವುದು ನನಗೆ ತ್ರಾಸು, ಕುಶಲ ಕೇಳುವ ಪತ್ರವಿರಬೇಕು ಎಂದು ಪಿನ್ ಕಿತ್ತು ಪಕ್ಕಕ್ಕಿಟ್ಟಿದ್ದೆ. ಹಾಗೆಂದು ಅವರಿಗೆ ಹೇಳಿದೆ. ಅದನ್ನು ಹೇಳುವಾಗ ನನಗಾದ ನಾಚಿಕೆ ನನ್ನ ಕೆಲಸದ ಜೀವನದಲ್ಲಿ ಮತ್ತೆಂದೂ ಆಗಿಲ್ಲ.

ಅವರು ಸಿಟ್ಟು ಮಾಡಲಿಲ್ಲ. "ಒಂದು ಫೋನ್ ಮಾಡಿದ್ದರೆ ಒಂದು ನಿಮಿಷದ ಮಾತು," ಎಂದರು. ಆಮೇಲೆ, ಪ್ರಶ್ನೆ ಎದ್ದಿದೆ ಎಂದು ಎಷ್ಟು ಜನರಿಗೆ ತಿಳಿಸಿದಿರಿ ಎಂದು ಕೇಳಿದರು. ನಾಲ್ಕು ಎಂದೆ.

"ನನಗೆ ಕ್ಷಮೆಯ ಪತ್ರ ಬೇಡ. ಆ ನಾಲ್ವರಿಗೂ ನೀವೇ ಬಾಯಿಂದ ಹೇಳಿ."

ಮರುದಿನ ಮೇಜಿನ ಡ್ರಾಯರ್‌ನ ತಳದಲ್ಲಿ ಆ ಹಾಳೆ ಸಿಕ್ಕಿತು. ಅದನ್ನು ಎದುರಿಗಿಟ್ಟುಕೊಂಡು ನಾಲ್ಕೂ ಫೋನು ಮಾಡಿದೆ. ಡೆಲ್ಫ್ಟ್‌ನ ಕ್ಲೈಂಟ್ ಖುಷಿಪಟ್ಟರು. ಅವರ ಮೂಲಪುರುಷನಿಗೆ ಅಪ್ಪ ಅಮ್ಮ ಇಬ್ಬರೂ ಸಿಕ್ಕಿದ್ದರು, ಗ್ಲೆನ್‌ಹಾರ್ವಿ ಕೊಂಡಿ ಕೂಡಿತ್ತು. ಸಂಪಾದಕರು ಒಳ್ಳೆಯದಾಯಿತು ಎಂದರು. ಒಂದು ಸಂಗ್ರಹದವರು ಈಗಲೇ ವೌಟರ್‌ಗೆ ಫೋನು ಮಾಡುತ್ತೇವೆ ಎಂದರು, ಮಾಡಿಯೂ ಮಾಡಿದರು. ಕೊನೆಯ ಸಂಗ್ರಹದ ಹೆಂಗಸು ಎಲ್ಲವನ್ನೂ ಸಮಾಧಾನದಿಂದ ಕೇಳಿ ಧನ್ಯವಾದ ಹೇಳಿದರು. ಆ ಕೆಲಸಕ್ಕೆ ಈಗ ಬೇರೆಯವರಿದ್ದಾರೆ ಎಂದರು. ಮುಂದೆಯಾದರೂ ವೌಟರ್ ಅವರನ್ನು ಕರೆಯುತ್ತೀರಾ ಎಂದು ಕೇಳಿದೆ.

"ನೋಡೋಣ," ಎಂದರು. "ಅವರ ಬಗ್ಗೆ ಒಮ್ಮೆ ಏನೋ ಪ್ರಶ್ನೆ ಎದ್ದಿತ್ತಲ್ಲ."

ಆ ಪ್ರಶ್ನೆ ನನ್ನದೇ, ಅದು ತಪ್ಪಾಗಿತ್ತು, ಅದನ್ನೇ ಈಗ ಹೇಳುತ್ತಿದ್ದೇನೆ ಎಂದೆ. ಗೊತ್ತಾಯಿತು ಎಂದರು. ಆದರೂ ಕರೆಯಲಿಲ್ಲ.

ನಾನು ಈಗಲೂ ಅದೇ ಕೆಲಸದಲ್ಲಿದ್ದೇನೆ, ಈಗಲೂ ಅನುಮಾನ ಪಡುತ್ತೇನೆ. ಅದಿಲ್ಲದೆ ಈ ಕೆಲಸ ನಡೆಯುವುದಿಲ್ಲ. ಆದರೆ ಕೆಂಪು ಗುರುತು ಕಂಡಾಗ ಮೊದಲು ನನ್ನ ಡ್ರಾಯರ್ ತೆಗೆದು ನೋಡುತ್ತೇನೆ, ಆಮೇಲೆ ಓದಿದವರಿಗೇ ಫೋನು ಮಾಡಿ, ಇದು ಹೀಗೇಕೆ ಎಂದು ಕೇಳುತ್ತೇನೆ. ವೌಟರ್ ಅವರಿಗೆ ನಾವು ಮೂರು ಸಲ ಕೆಲಸ ಕಳಿಸಿದೆವು. ಮೂರು ಸಲವೂ ಅವರು ವಿನಯದಿಂದ, ಬಿಡುವಿಲ್ಲ ಎಂದು ಕಾರ್ಡು ಬರೆದರು. ಬಿಡುವು ಇತ್ತೆಂದು ನನಗೆ ಗೊತ್ತು. ಆ ಮೂರು ಕಾರ್ಡುಗಳಲ್ಲಿ ಬರೆದದ್ದನ್ನು ಮಾತ್ರ ನಾನು ಪ್ರಶ್ನಿಸಲು ಹೋಗಲಿಲ್ಲ.