ಪೆನ್ ಡ್ರೈವ್ ಒಣಗಿಸಿದ ಅಕ್ಕ

ಮೊನ್ನೆ ಮಗಳು ಉಗುರಿಗೆ ಬಣ್ಣ ಹಚ್ಚಿಕೊಳ್ಳುತ್ತಾ ಕೂತಿದ್ದಳು. ಆ ಘಾಟು ಮೂಗಿಗೆ ಬಡಿದದ್ದೇ ತಡ, ಕಾನಹೊಸಹಳ್ಳಿಯ ಟೈಪಿಂಗ್ ಅಂಗಡಿಯ ಅಕ್ಕ ನೆನಪಾದಳು. ಅವಳು ತನ್ನ ಉಗುರಿಗೆ ಒಂದು ದಿನವೂ ಬಣ್ಣ ಹಚ್ಚಿದವಳಲ್ಲ. ಹಚ್ಚುತ್ತಿದ್ದದ್ದು ಪೆನ್ ಡ್ರೈವ್‌ಗಳಿಗೆ. ಅಂಗಡಿ ಬಿಟ್ಟು ಆಚೆ ಹೋಗದವಕ್ಕೆ ಹಸಿರು ಚುಕ್ಕೆ, ಹೊರಗಿನಿಂದ ಬಂದವಕ್ಕೆ ಕೆಂಪು.

ಹೆದ್ದಾರಿ ಬದಿಯ ಆ ಅಂಗಡಿಯಲ್ಲಿ ಎರಡು ಕಂಪ್ಯೂಟರ್ ಇದ್ದವು. ಒಳಗಿನದರಲ್ಲಿ ಮದುವೆ ಕಾರ್ಡು, ಅರ್ಜಿ, ಸಂಘದ ಠರಾವು, ಊರವರ ಎಲ್ಲ ಕೆಲಸ. ಬಾಗಿಲ ಬಳಿಯದು ಹಳೆಯದು, ಅದಕ್ಕೆ ಇಂಟರ್‌ನೆಟ್ಟೂ ಇಲ್ಲ. ಕೆಂಪು ಚುಕ್ಕೆಯವು ಮೊದಲು ಅಲ್ಲಿಗೆ ಹೋಗಿ, ವೈರಸ್ ಇಲ್ಲವೆಂದಾದ ಮೇಲಷ್ಟೇ ಒಳಗಿನದಕ್ಕೆ. ಬಸ್ಸಿಗೆ ಹೊತ್ತಾಯಿತೆಂದು ಗೊಣಗುವವರಿಗೆ ಅವಳದು ಒಂದೇ ಮಾತು: “ಸಂತಿಯಾಗಿಂದ ತಂದ ಕುರೀನ ಅವತ್ತ ಹಿಂಡಿಗೆ ಬಿಡ್ತೀರೇನ್ರಿ? ನಾಕು ದಿನ ಬ್ಯಾರೆ ಕಟ್ಟಿ ಮೂಗು, ಕಾಲು ನೋಡಂಗಿಲ್ಲೇನು? ಇದೂ ಹಂಗ.” ಅವಳದು ಕುರಿ ಸಾಕುವ ಮನೆ. ಕುರಿಯವರಿಗೆ ಈ ಮಾತು ತಟ್ಟನೆ ತಿಳಿಯುತ್ತಿತ್ತು. ಡಿಗ್ರಿ ಮಾಡಿದ ನಮ್ಮಂಥವರಿಗೇ ಸ್ವಲ್ಪ ತಡ.

ಆಗ ನಾನು ಕೂಡ್ಲಿಗಿಯ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ನಮ್ಮ ಕಡೆಯ ಕುರಿಗಾಹಿಗಳ ಮಾತಿನ ಮೇಲೆ ಪಿಎಚ್‌ಡಿ ಪ್ರಬಂಧ ಬರೆಯುತ್ತಿದ್ದೆ. ಕಾಲೇಜಿನ ಕಂಪ್ಯೂಟರಿನಲ್ಲಿ ಟೈಪ್ ಮಾಡಿ, ಎಲ್ಲವನ್ನೂ ಒಂದೇ ಪೆನ್ ಡ್ರೈವಿನಲ್ಲಿ ಇಟ್ಟುಕೊಂಡು ತಿರುಗುತ್ತಿದ್ದೆ. ಅಕ್ಕ ಒಮ್ಮೆ ಕೇಳಿದ್ದಳು.

“ತಂಗಿ, ಇದು ಚೀಲ, ಹಗೇವಲ್ಲ. ಕಾಳು ಹೊತ್ತು ಒಯ್ಯಾಕ ಅಷ್ಟ, ನೆಲದಾಗ ತುಂಬಿ ಇಡಾಕಲ್ಲ. ಇನ್ನೊಂದು ಕಡಿ ಇಟ್ಟಿಯಿಲ್ಲ?”

“ಇಟ್ಟೀನಿ” ಅಂದೆ. ಶುದ್ಧ ಸುಳ್ಳು.

ಪ್ರಬಂಧ ಸಲ್ಲಿಸಲು ಎರಡೇ ದಿನ ಉಳಿದಿದ್ದಾಗ ಅರಸೀಕೆರೆಯಲ್ಲಿ ನೆಂಟರ ಮದುವೆ. ಅವ್ವನೂ ನಾನೂ ಹೋದೆವು. ಬಸ್ಸಿನ ನೂಕುನುಗ್ಗಲಲ್ಲಿ ನನ್ನ ಬ್ಯಾಗಿನ ಮೇಲೆ ಅವ್ವನಿಗೆ ನಂಬಿಕೆ ಬರಲಿಲ್ಲ. ಪೆನ್ ಡ್ರೈವ್ ಇಸಿದುಕೊಂಡು ತನ್ನ ಎಲೆ ಅಡಿಕೆ ಸಂಚಿಗೆ ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅವಳ ಬಂಗಾರದ ಮೂಗುಬೊಟ್ಟೂ ಅದರಲ್ಲೇ ಇರುತ್ತಿತ್ತು, ಅದಕ್ಕಿಂತ ಭದ್ರವಾದ ಜಾಗ ಅವಳಿಗೆ ಗೊತ್ತಿರಲಿಲ್ಲ. ಮನೆಗೆ ಬಂದು ಸಂಚಿ ಬಿಚ್ಚಿದರೆ ಸುಣ್ಣದ ಡಬ್ಬಿಯ ಮುಚ್ಚಳ ಕಳಚಿತ್ತು. ಪೆನ್ ಡ್ರೈವಿನ ಬಾಯಿ ತುಂಬ ಹಸಿ ಸುಣ್ಣ... ಅವ್ವನ ಮುಖ ನೋಡಿ ಬೈಯಲೂ ಆಗಲಿಲ್ಲ.

ಬೆಳಿಗ್ಗೆ ಅಕ್ಕನ ಅಂಗಡಿಗೆ ಓಡಿದೆ. ಬೇರೆ ಎಲ್ಲೂ ಪ್ರತಿ ಇಲ್ಲವೆಂದು ಒಪ್ಪಿಕೊಂಡೆ. ಅವಳು ಬೈಯಲಿಲ್ಲ. ಹಳೆಯ ಬ್ರಷ್ಷನ್ನು ಸ್ಪಿರಿಟ್ಟಿನಲ್ಲಿ ಅದ್ದಿ, ಹೆರಳಿನಲ್ಲಿ ಹೇನು ಹುಡುಕುವಷ್ಟು ತಾಳ್ಮೆಯಿಂದ ಉಜ್ಜಿದಳು. ಆಮೇಲೆ ಪೇಪರಿನ ಮೇಲಿಟ್ಟು ಫ್ಯಾನ್ ಹಾಕಿ, “ನಾಳಿ ಮುಂಜಾನಿ ಬಾ” ಅಂದಳು.

“ನಾಳೆ ಕೊನೇ ದಿನ ಅಕ್ಕ. ಈಗ್ಲೇ ಹಾಕಿ ನೋಡು.”

“ಒಳಗ ಹಸಿ ಐತಿ. ಈಗ ಚುಚ್ಚಿದ್ರ ಸುಟ್ಟು ಹೋಕ್ಕೈತಿ. ಒಣಗಲಿ.”

ನನಗೆ ಸಿಟ್ಟು ನೆತ್ತಿಗೇರಿತು. “ಹತ್ತನೇ ಕ್ಲಾಸು ಓದಿದಾಕಿಗೆ ನನ್ನ ಕಷ್ಟ ಏನು ಗೊತ್ತಾಕ್ಕೈತಿ?” ಎಂದುಬಿಟ್ಟೆ. ಇವತ್ತಿಗೂ ಆ ಮಾತು ನೆನೆದರೆ ನಾಚಿಕೆಯಾಗುತ್ತದೆ. ಅವಳು ಪೆನ್ ಡ್ರೈವ್ ಕೊಡಲಿಲ್ಲ, ಫ್ಯಾನಿನ ಗಾಳಿಗೆ ಇನ್ನಷ್ಟು ಸರಿಸಿಟ್ಟಳು.

ಮರುದಿನ ಅಂಗಡಿ ತೆರೆಯುವ ಮೊದಲೇ ಬಾಗಿಲಲ್ಲಿದ್ದೆ. ಅಕ್ಕ ಅದನ್ನು ಹಳೆಯ ಕಂಪ್ಯೂಟರಿಗೆ ಹಾಕಿದಳು. ಸ್ವಲ್ಪ ಹೊತ್ತು ಏನೂ ಇಲ್ಲ... ಆಮೇಲೆ ನನ್ನ ಐದು ಅಧ್ಯಾಯಗಳೂ ಸಾಲಾಗಿ ಕಾಣಿಸಿಕೊಂಡವು. ತೆರೆದು ನೋಡಲು ಮೌಸಿಗೆ ಕೈ ಹಾಕಿದೆ. ಅವಳು ನನ್ನ ಮಣಿಕಟ್ಟು ಹಿಡಿದಳು.

“ತೆಗೀಬ್ಯಾಡ. ಮೊದ್ಲು ನಕಲು ಆಗ್ಲಿ.”

ನಕಲಾಯಿತು. ವೈರಸ್ ನೋಡಿ, ಹಸಿರು ಚುಕ್ಕೆಯದಕ್ಕೆ ಇನ್ನೊಂದು ನಕಲು. ಸುಣ್ಣ ತಿಂದ ಆ ಪೆನ್ ಡ್ರೈವನ್ನೂ ಹಾಗೇ ಕೀಳದೆ, ಎಜೆಕ್ಟ್ ಒತ್ತಿಯೇ ಹೊರತೆಗೆದಳು. ಅದು ಮತ್ತೆ ಯಾವ ಕಂಪ್ಯೂಟರಿನಲ್ಲೂ ತೆರೆಯಲಿಲ್ಲ. ಒಂದೇ ಸಲ ತೆರೆದಿತ್ತು, ಆ ಒಂದು ಸಲ ಅದು ಅವಳ ಕೈಯಲ್ಲಿತ್ತು. ದೊಡ್ಡ ಊರುಗಳಲ್ಲಿ ದೊಡ್ಡ ದೊಡ್ಡ ಲ್ಯಾಬ್ ನೋಡಿದ್ದೇನೆ, ಇಷ್ಟು ಶಿಸ್ತಿನ ಕೆಲಸಗಾರ್ತಿಯನ್ನು ಕಂಡಿಲ್ಲ. ನಮ್ಮ ಕಡೆಯವಳು ಎಂದು ಹೇಳಿಕೊಳ್ಳಲು ನನಗೆ ಎದೆ ಉಬ್ಬುತ್ತದೆ.

ಅವತ್ತೇ ಪುಟಗಳನ್ನು ಜೋಡಿಸಿ, ಮುದ್ರಿಸಿ, ನನ್ನನ್ನು ಮಧ್ಯಾಹ್ನದ ಬಸ್ಸಿಗೆ ಕಳಿಸಿಕೊಟ್ಟವಳೂ ಅವಳೇ. ಕೊನೆಯ ಹಾಳೆ ಕೃತಜ್ಞತೆಗಳದ್ದು. ಮಾರ್ಗದರ್ಶಕರು, ಪ್ರಾಂಶುಪಾಲರು, ನಾನು ಮುಖವನ್ನೇ ನೋಡದ ಗ್ರಂಥಪಾಲಕರು, ಎಲ್ಲರ ಹೆಸರೂ ಇತ್ತು. ಅವಳದಿರಲಿಲ್ಲ. ಅಕ್ಕ ಅದನ್ನು ಪೂರ್ತಿ ಓದಿ, ಎರಡು ಅಕ್ಷರದೋಷ ತಿದ್ದಿ, ಪ್ರಿಂಟ್ ಕೊಟ್ಟಳು. ನನಗೆ ಅದು ಹೊಳೆದದ್ದು ಬಸ್ಸು ಹತ್ತಿ ಕೂತ ಮೇಲೆ.

ಎರಡು ವರ್ಷದ ಹಿಂದೆ ಕಾಮಾಲೆಯಾಗಿ ಅವಳು ತೀರಿಕೊಂಡಳು. ಆ ಅಂಗಡಿಯಲ್ಲಿ ಈಗ ಮೊಬೈಲ್ ಕವರು ಮಾರುತ್ತಾರೆ. ನನ್ನ ಪ್ರಬಂಧ ಇನ್ನು ಕೆಲವೇ ದಿನಗಳಲ್ಲಿ ಪುಸ್ತಕವಾಗಿ ಅಚ್ಚಿಗೆ ಹೋಗಲಿದೆ. ನಿನ್ನೆ ಕೂತು ಕೃತಜ್ಞತೆಯ ಪುಟ ಹೊಸದಾಗಿ ಬರೆದೆ, ಮೊದಲ ಹೆಸರು ಅವಳದೇ. ಎಂದೂ ಅಕ್ಕ ಎಂದಷ್ಟೇ ಕರೆದವಳು ನಾನು; ಬರೆದು ಮುಗಿಸಿದ ಮೇಲೆ, ಅವಳ ಅಪ್ಪ ಇಟ್ಟ ಪೂರ್ತಿ ಹೆಸರು ಸರಿಯಾಗಿದೆಯೇ ಎಂದು ಯಾರನ್ನು ಕೇಳಲಿ ಎಂದು ತಿಳಿಯಲಿಲ್ಲ.