ಬಿಸಿನೀರು ಕಾಯಿಸುವವರಿಲ್ಲದ ಋಷಿ

ಕಾವೇರಿ ಕಥೆ ಇಲ್ಲಿ ಎಲ್ಲರಿಗೂ ಗೊತ್ತು. ತನ್ನನ್ನು ಒಂಟಿಯಾಗಿ ಬಿಡಬಾರದು ಎಂದು ಮಾತು ತೆಗೆದುಕೊಂಡು ಅಗಸ್ತ್ಯನನ್ನು ಮದುವೆಯಾದಳು. ಅವನು ಅವಳನ್ನು ಕಮಂಡಲದೊಳಗಿಟ್ಟು ಸ್ನಾನಕ್ಕೆ ಹೋದ. ಅವಳು ನದಿಯಾಗಿ ಹರಿದುಬಿಟ್ಟಳು.

ನಮ್ಮ ಪಕ್ಕದ ಮನೆಯ ಕೊಡವ ಅಜ್ಜಿ ಇದಕ್ಕೆ ಇನ್ನಷ್ಟು ಸೇರಿಸುತ್ತಿದ್ದರು. ಹೆಂಡತಿಯನ್ನೇ ಕಮಂಡಲದೊಳಗೆ ಹಾಕಿಟ್ಟರೆ ಹಂಡೆಗೆ ಬೆಂಕಿ ಹಾಕುವವರು ಯಾರು? "ನೀರು ಕಾಯಿತಾ?" ಅಂತ ಋಷಿ ಕೂಗಿದನಂತೆ. "ಇಲ್ಲಿ ತಣ್ಣಗೇ ಉಂಟು, ಬೇಕಾದರೆ ಬನ್ನಿ" ಅಂದಳಂತೆ ಒಳಗಿಂದ. ಪಾಪ, ಚಳಿಯಲ್ಲಿ ನಡುಗುತ್ತಾ ಹೊಳೆಗೆ ಹೋದ. ಅಜ್ಜಿ ಕೊಡವ ಭಾಷೆಯಲ್ಲಿ ಹೇಳಿದರೆ, ಅರ್ಧ ಅರ್ಥವಾದ ನಾನೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ.

ಕಾಯಿಲೆ ಬಲಿತ ಮೇಲೆ ಅಜ್ಜಿ ನನ್ನನ್ನು ಕರೆಸಿದರು. ಮೊಮ್ಮಕ್ಕಳಿಗೆ ಕೊಡವ ಭಾಷೆ ಬಾರದು. "ಕನ್ನಡದಲ್ಲಿ ಬರೆದಿಡು ಮಾರಾಯ್ತಿ. ಆದರೆ ಓದಿದವರು ನಗಬೇಕು. ನಗದಿದ್ದರೆ ಹರಿದು ಹಾಕು."

ಬರೆದುಕೊಂಡು ಹೋಗಿ ಓದಿದೆ. "ಮಹರ್ಷಿಗಳು ಸ್ನಾನಕ್ಕೆ ತೆರಳಿದರು..."

"ಯಾರಿವನು? ನಿನ್ನ ಹೆಡ್ ಮಾಸ್ಟರಾ?" ಅಂದರು ಅಜ್ಜಿ.

ಮತ್ತೆ ಬರೆದೆ. ಋಷಿಯನ್ನು ಏಕವಚನಕ್ಕಿಳಿಸಿ, ಹೆಗಲಿಗೆ ಟವೆಲ್ ಹಾಕಿ ನೋಡಿದೆ. ನಗು ಬರಲಿಲ್ಲ. ಮೂಲದಲ್ಲಿ ಹೇಗಿದೆಯೋ ನೋಡೋಣವೆಂದು ಸಿಕ್ಕಿದ ಪುರಾಣದ ಪುಸ್ತಕಗಳನ್ನೆಲ್ಲ ತಡಕಾಡಿದೆ. ಬಿಸಿನೀರಿನ ಸುದ್ದಿಯೇ ಎಲ್ಲೂ ಇಲ್ಲ. ಕೊನೆಗೆ ಅಜ್ಜಿಯನ್ನೇ ಕೇಳಿದೆ. ಗಂಜಿಯ ಲೋಟ ಕೆಳಗಿಟ್ಟು ಹೇಳಿದರು.

"ನನ್ನ ಅವ್ವನದು. ಬಿಟ್ಟಂಗಾಲದ ತವರಲ್ಲಿ ಅವಳ ತಾಯಿಗೆ ಜೋರು ಕಾಯಿಲೆ. ಕಳಿಸಿ ಅಂದರೆ ಅಪ್ಪ ದಿನಾ ನಾಳೆ, ನಾಳೆ. ಒಂದು ಬೆಳಿಗ್ಗೆ ಅವನು ಸ್ನಾನಕ್ಕೆ ಹೋದಾಗ ಅವ್ವ ನಡೆದೇಬಿಟ್ಟಳು. ಹೋಗಿ ಮುಟ್ಟುವಾಗ ಚಿತೆ ಆರಿತ್ತು. ಮೂರು ದಿನ ಕಳೆದು ಬಂದು, ಹಂಡೆಗೆ ಬೆಂಕಿ ಹಾಕಿ, ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಈ ಕಥೆ ಹೇಳಿದಳು. ಅಪ್ಪ ಬಾಗಿಲಲ್ಲಿ ನಿಂತು ಕೇಳಿ ನಕ್ಕ. ಮತ್ತೆ ಯಾರೂ ಆ ವಿಷಯ ಎತ್ತಲಿಲ್ಲ."

ಆ ಸಂಜೆ ಇದಿಷ್ಟನ್ನೂ ಕಥೆಯ ಕೆಳಗೆ ಬರೆದು ತೋರಿಸಿದೆ. ಅಜ್ಜಿಯ ಮುಖ ಸಣ್ಣದಾಯಿತು.

"ಇಷ್ಟು ವರ್ಷ ಅವಳು ನಗಿಸಿಕೊಂಡು ಬಂದಳು. ನೀನು ಒಂದು ಹಾಳೆಯಲ್ಲಿ ಅಳಿಸಿದೆಯಲ್ಲ!"

ಆ ಭಾಗ ಹರಿದೆ. ಕಥೆಯನ್ನು, ಅವ್ವ ಒಲೆ ಮುಂದೆ ಹೇಳಿದ ಹಾಗೆ, ಗಂಡನಿಗೂ ಕೇಳಿಸಬೇಕೆಂಬ ಹಾಗೆ ಬರೆದೆ. ಓದಿದಾಗ ಅಜ್ಜಿ ನಕ್ಕರು. ನಗುತ್ತಲೇ ಕೆಮ್ಮು ಹತ್ತಿ, ಬೆನ್ನು ನೀವಬೇಕಾಯಿತು.

ಅವರು ಹೋಗಿ ಹನ್ನೊಂದನೇ ದಿನ, ಊಟವಾದ ಮೇಲೆ ಮೊಮ್ಮಗಳು ಅದನ್ನು ಎಲ್ಲರಿಗೂ ಗಟ್ಟಿಯಾಗಿ ಓದಿದಳು. ಅತ್ತು ಕಣ್ಣು ಊದಿದವರೂ ನಕ್ಕರು. ನನಗೊಬ್ಬಳಿಗೇ ನಗಲಾಗಲಿಲ್ಲ.

"ಆಂಟಿ, ಇದು ಯಾವ ಪುರಾಣದಲ್ಲಿದೆ?" ಹುಡುಗಿ ಕೇಳಿದಳು.

"ಗೊತ್ತಿಲ್ಲ ಮಗಳೇ, ಎಷ್ಟು ಹುಡುಕಿದರೂ ಸಿಗಲಿಲ್ಲ" ಅಂದೆ.